ಪೌಂಡಿನಿಂದ ಶುರುವಾಗುವ ನಾರಾಯಣಪುರ

ಇವತ್ತಿನ ಸಂಚಿಕೆ ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ ಮಾಡ್ರಿ. ಹತ್ತು-ಹದಿನೈದು ವರ್ಷ ಹಳೆಯ ಯಾವುದಾದರೂ ಸರ್ಕಾರಿ ಕನ್ನಡ ಪಿಡಿಎಫ್ ನಿಮ್ಮ ಫೋನಿನಲ್ಲಿದ್ದರೆ ತೆಗೀರಿ. ಸುತ್ತೋಲೆ, ಫಲಾನುಭವಿಗಳ ಪಟ್ಟಿ, ಏನಾದರೂ ಸರಿ. ಓದೋಕೆ ಚಂದವಾಗಿಯೇ ಕಾಣುತ್ತದೆ. ಈಗ ಒಂದು ಸಾಲಿನ ಮೇಲೆ ಬೆರಳಿಟ್ಟು ಹಿಡಿದು ಕಾಪಿ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ ನೋಡ್ರಿ. ಬಹಳಷ್ಟು ಸಲ ಕನ್ನಡ ಬರೋದಿಲ್ಲ. ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ ಇರೋ ಅಕ್ಷರ, ನಡುವೆ ಒಂದೆರಡು ದೇಶದ ರೊಕ್ಕದ ಗುರುತು, ಎಲ್ಲಾ ಕಲಸಿಕೊಂಡು ಬರುತ್ತವೆ.

ಅದೇ ಕಡತದೊಳಗೆ 'ನಾರಾಯಣಪುರ' ಅಂತ ಹುಡುಕಿದರೆ ಉತ್ತರ ಸೊನ್ನೆ. ಕಣ್ಣೆದುರಿಗೇ ಆ ಪದ ಇದೆ, ಆದರೂ ಸೊನ್ನೆ.

ಈ ಸೊನ್ನೆ ಎಲ್ಲಿಂದ ಬಂತು ಅನ್ನೋದೇ ಇವತ್ತಿನ ಕಥೆ. ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಯಾವ ಕಂಪ್ಯೂಟರಿಗೆ ಬೇಕಾದರೂ ಒಯ್ಯಬಹುದಾದ ಹುಡುಕುವ ತಂತ್ರಾಂಶವನ್ನು ಮಾಡೋಕೆ ಜಗತ್ತಿನಲ್ಲಿ ಎಷ್ಟೋ ಜನ ಒದ್ದಾಡಿದ್ದಾರೆ. ಅವರ ಕಷ್ಟ ಒಂದು ಥರದ್ದು. ನಮ್ಮ ಕೃಷ್ಣಾ ದಂಡೆಯ ಊರಿನ ಹೆಸರನ್ನು ಹುಡುಕುವ ಕಷ್ಟ ಇನ್ನೊಂದು ಥರದ್ದು. ಎರಡಕ್ಕೂ ಸಂಬಂಧ ಇದೆ.

ಮೊದಲು 'ಕಡತ' ಅನ್ನೋ ಪದವನ್ನೇ ನೋಡೋಣ. ಕಂಪ್ಯೂಟರಿನ ಫೈಲಿಗೆ ಈಗ ಕಡತ ಅಂತೀವಿ. ಹಳೆಯ ಕಡತ ಅಂದ್ರೆ ಬಟ್ಟೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೀತಿದ್ದರು. ಮಡಚಿ ಬಗಲಲ್ಲಿ ಇಟ್ಟುಕೊಂಡು ಹೋದರೆ ಆಯ್ತು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಇವತ್ತಿಗೂ ಇವೆ. ಎಲ್ಲಿಗೆ ಒಯ್ದರೂ ಅಕ್ಷರ ಅದೇ ಅಕ್ಷರ, ಓದೋಕೆ ಬೇರೆ ಸಾಮಾನು ಬೇಕಿಲ್ಲ. ಒಂದೇ ತೊಂದರೆ, ಹುಡುಕೋಕೆ ಬಟ್ಟೆ ಪೂರ್ತಿ ಬಿಚ್ಚಬೇಕು.

ಕಂಪ್ಯೂಟರು ಕೂಡ ಮೊದಮೊದಲು ಹಿಂಗೇ ಪೂರ್ತಿ ಬಿಚ್ಚಿ ನೋಡುತ್ತಿತ್ತು. ಒಂದೊಂದೇ ಫೋಲ್ಡರ್ ತೆರೆದು, ಮುಚ್ಚಿ, ಮುಂದಿನದಕ್ಕೆ ಹೋಗುವುದು. 1983ರಲ್ಲಿ ಅಮೆರಿಕದ ಜೇಮ್ಸ್ ವುಡ್ಸ್ ಎಂಬಾತ ಯುನಿಕ್ಸ್ ಯಂತ್ರಗಳಿಗೆ ಬೇರೆ ದಾರಿ ತೋರಿಸಿದ: ಬಿಡುವಿನ ಹೊತ್ತಿನಲ್ಲಿ ಎಲ್ಲ ಕಡತಗಳ ಹೆಸರಿನ ಪಟ್ಟಿ ಮಾಡಿಟ್ಟುಕೋ, ಯಾರಾದರೂ ಕೇಳಿದಾಗ ಡಿಸ್ಕ್ ಮುಟ್ಟಬೇಡ, ಪಟ್ಟಿ ನೋಡು. ಅಂಗಡಿಯಲ್ಲಿ ಖಾತೆಪುಸ್ತಕದ ಮುಂದೆ ಗಿರಾಕಿಗಳ ಹೆಸರಿನ ಸೂಚಿ ಬರೆದಿಟ್ಟ ಹಂಗೆ. ಬಿಕಾಂ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಲೆಡ್ಜರಿಗೆ ಇಂಡೆಕ್ಸ್ ಇಲ್ಲದಿದ್ದರೆ ಪೋಸ್ಟಿಂಗ್ ಮಾಡೋವಾಗ ಅರ್ಧ ಜೀವ ಹೋಗುತ್ತದೆ.

ಈ ಸೂಚಿಯ ಉಪಾಯ ಸಾಮಾನ್ಯ ಜನರ ಮೇಜಿನ ಮೇಲೆ ಬಂದಿದ್ದು 2004ರ ನಂತರ. ಆ ವರ್ಷ ಅಕ್ಟೋಬರಿನಲ್ಲಿ ಗೂಗಲ್ ಡೆಸ್ಕ್‌ಟಾಪ್ ಬಂತು, ಮುಂದಿನ ವರ್ಷ ಆ್ಯಪಲ್‌ನ ಸ್ಪಾಟ್‌ಲೈಟ್. ಮೈಕ್ರೋಸಾಫ್ಟ್ ಆಮೇಲೆ ವಿಸ್ಟಾದೊಳಗೇ ಹುಡುಕಾಟವನ್ನು ಸೇರಿಸಿತು. ಇವು ಹೆಸರನ್ನಷ್ಟೇ ಅಲ್ಲ, ಕಡತದ ಒಳಗಿನ ಮಾತನ್ನೂ ಸೂಚಿಗೆ ಹಾಕುತ್ತಿದ್ದವು. ಗೂಗಲ್, ಮೈಕ್ರೋಸಾಫ್ಟ್ ಎರಡರದ್ದೂ ಒಂದೇ ಸ್ವಭಾವ: ಆ ಸೂಚಿ ಆ ಒಂದು ಕಂಪ್ಯೂಟರಿಗೇ ಅಂಟಿಕೊಂಡಿರುತ್ತಿತ್ತು. ಕಡತಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬೇರೆ ಕಡೆ ಹೋದರೆ ಸೂಚಿ ಹಿಂದೆ ಬರುತ್ತಿರಲಿಲ್ಲ. ಗೂಗಲ್ ಡೆಸ್ಕ್‌ಟಾಪ್ 2011ರಲ್ಲಿ ನಿಂತೇ ಹೋಯಿತು.

ಸ್ವಂತ ಲ್ಯಾಪ್‌ಟಾಪ್ ಇದ್ದವರಿಗೆ ಇದು ದೊಡ್ಡ ವಿಷಯವಲ್ಲ. ನಮ್ಮ ಕಡೆ ಆವಾಗ ಕಂಪ್ಯೂಟರ್ ಅಂದ್ರೆ ಹುಣಸಗಿಯದೋ ಸುರಪುರದ್ದೋ ಡಿಟಿಪಿ ಅಂಗಡಿ, ಇಲ್ಲಾ ಕಾಲೇಜಿನ ಲ್ಯಾಬ್. ಯಂತ್ರ ಬೇರೆಯವರದು, ನಮ್ಮದು ಪೆನ್‌ಡ್ರೈವ್ ಮಾತ್ರ. ಅದನ್ನು ಚುಚ್ಚಿದ ಕೂಡಲೇ ಶಾರ್ಟ್‌ಕಟ್ ವೈರಸ್ ಹತ್ತಿಕೊಳ್ಳುತ್ತದೋ ಅನ್ನೋ ಹೆದರಿಕೆ ಬೇರೆ. ಯುಎಸ್‌ಬಿ ಚುಚ್ಚಿದೊಡನೆ ತಾನಾಗೇ ಓಡುವ ಆಟೋರನ್ ಸೌಲಭ್ಯವನ್ನು ಮೈಕ್ರೋಸಾಫ್ಟ್ ವಿಂಡೋಸ್ 7ರಲ್ಲಿ ತೆಗೆದುಹಾಕಿತು, 2011ರಲ್ಲಿ ಎಕ್ಸ್‌ಪಿಗೂ ಅಪ್‌ಡೇಟ್ ಕೊಟ್ಟಿತು. ಅಪ್‌ಡೇಟ್ ಹಾಕಿಕೊಳ್ಳದ ಅಂಗಡಿಗಳ ಕಥೆ ಬೇರೆ.

ಹೊರಗಡೆ ಇದೇ ಹೊತ್ತಿಗೆ 'ಪೋರ್ಟಬಲ್' ಅನ್ನೋ ಪದಕ್ಕೆ ಬೆಲೆ ಬಂತು. 2004ರಲ್ಲಿ ಜಾನ್ ಹಾಲರ್ ಎಂಬಾತ ಫೈರ್‌ಫಾಕ್ಸ್ ಬ್ರೌಸರನ್ನು ಪೆನ್‌ಡ್ರೈವ್‌ನಿಂದಲೇ ಓಡುವ ಹಾಗೆ ಕಟ್ಟಿಕೊಟ್ಟ. ಇನ್‌ಸ್ಟಾಲ್ ಬೇಡ, ರಿಜಿಸ್ಟ್ರಿಯಲ್ಲಿ ಏನೂ ಬರೆಯೋದು ಬೇಡ, ಎದ್ದು ಹೋಗುವಾಗ ಹಿಂದೆ ಗುರುತು ಬಿಡೋದು ಬೇಡ. ಬ್ರೌಸರಿಗೆ ಇಷ್ಟು ಸಾಕು. ಹುಡುಕುವ ತಂತ್ರಾಂಶಕ್ಕೆ ಸಾಲದು, ಯಾಕಂದ್ರೆ ಅದಕ್ಕೆ ವಿಳಾಸ ಬೇಕು.

ಸೂಚಿಯಲ್ಲಿ 'ಈ ಕಡತ ಇ ಡ್ರೈವ್‌ನ ಇಂಥ ಫೋಲ್ಡರಿನಲ್ಲಿದೆ' ಅಂತ ಬರೆದಿರುತ್ತದೆ. ಅದೇ ಪೆನ್‌ಡ್ರೈವ್ ಇನ್ನೊಂದು ಅಂಗಡಿಯಲ್ಲಿ ಜಿ ಡ್ರೈವ್ ಆಗಿ ಕೂರುತ್ತದೆ. ಕಡತ ಕದಲಿಲ್ಲ, ಫೋಲ್ಡರ್ ಕದಲಿಲ್ಲ, ಮುಂದಿನ ಒಂದಕ್ಷರ ಬದಲಾಯಿತು, ಸೂಚಿಯೆಲ್ಲ ಸುಳ್ಳಾಯಿತು. ನಾರಾಯಣಪುರದವರಿಗೆ ಇದು ಹೊಸ ಅನುಭವ ಅಲ್ಲ. ಊರು ಕೃಷ್ಣೆಯ ದಂಡೆ ಬಿಟ್ಟು ಎಲ್ಲೂ ಹೋಗಿಲ್ಲ. ಸುರಪುರ ಸಂಸ್ಥಾನದ ನಾಡು, 1857-58ರ ಹೋರಾಟದ ನಂತರ ನಿಜಾಮರಿಗೆ ಹೋಯಿತು. 1948ರವರೆಗೆ ಹೈದರಾಬಾದ್ ಸಂಸ್ಥಾನ, 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. ಜಿಲ್ಲೆ ಗುಲ್ಬರ್ಗ ಇದ್ದದ್ದು 2009ರ ಕೊನೆಗೆ ಯಾದಗಿರಿ ಆಯಿತು. ತಾಲೂಕು ಸುರಪುರ ಇದ್ದದ್ದು, ಆಮೇಲೆ ಹುಣಸಗಿ ಬೇರೆ ತಾಲೂಕಾಯಿತು. 1982ರಲ್ಲಿ ಮುಗಿದ ಬಸವಸಾಗರ ಅಣೆಕಟ್ಟಿನ ಕಾಗದದಲ್ಲಿ ಗುಲ್ಬರ್ಗ ಜಿಲ್ಲೆ ಅಂತಿರುತ್ತದೆ, ಈಗಿನ ಅರ್ಜಿಯಲ್ಲಿ ಯಾದಗಿರಿ ಜಿಲ್ಲೆ. 'ಯಾದಗಿರಿ' ಅಂತ ಹುಡುಕುವವನಿಗೆ ಆ ಹಳೆಯ ಕಾಗದ ಸಿಗೋದಿಲ್ಲ.

ತಂತ್ರಾಂಶದವರು ಇದಕ್ಕೆ ಕಂಡುಕೊಂಡ ಪರಿಹಾರ ಸರಳ. ಪೂರ್ತಿ ವಿಳಾಸ ಬರೆಯಬೇಡ, 'ನಾನಿರುವ ಜಾಗದಿಂದ ಪಕ್ಕದ ಫೋಲ್ಡರ್' ಅಂತ ಬರೆ. ನಮ್ಮೂರಲ್ಲಿ ಮನೆ ಕೇಳಿದರೆ 'ಗುಡಿ ಹಿಂದಿನ ಓಣಿ' ಅನ್ನೋ ಹಂಗೆ. ಡಾಕ್‌ಫೆಚರ್ ಅನ್ನೋ ಮುಕ್ತ ತಂತ್ರಾಂಶದ ಪೋರ್ಟಬಲ್ ಆವೃತ್ತಿ ಕೆಲಸ ಮಾಡೋದು ಹಿಂಗೇ. ಕಡತ, ಸೂಚಿ, ತಂತ್ರಾಂಶ ಮೂರೂ ಒಂದೇ ಪೆನ್‌ಡ್ರೈವ್‌ನಲ್ಲಿ ಇರಬಹುದು. ಆದರೆ ಬಹುಕಾಲ ಅದಕ್ಕೆ ಎದುರಿನ ಕಂಪ್ಯೂಟರಿನಲ್ಲಿ ಜಾವಾ ಇರಲೇಬೇಕಿತ್ತು. ಅಂದ್ರೆ ಬುತ್ತಿ ಕಟ್ಟಿಕೊಂಡು ಹೋಗಿ ಚಟ್ನಿ ಮಾತ್ರ ಅವರ ಮನೆಯಲ್ಲಿ ಕೇಳಿದಂಗೆ. ಮಿಂಚಿನಂತೆ ಹುಡುಕುವ 'ಎವ್ರಿಥಿಂಗ್' ತಂತ್ರಾಂಶಕ್ಕೂ ಪೋರ್ಟಬಲ್ ರೂಪ ಇದೆ. ಅದರ ವೇಗದ ಗುಟ್ಟು, ವಿಂಡೋಸ್ ಡಿಸ್ಕ್ ತಾನೇ ಇಟ್ಟುಕೊಂಡಿರುವ ಕಡತಗಳ ಪಟ್ಟಿಯನ್ನು ನೇರ ಓದುವುದು. ಅದನ್ನು ಓದೋಕೆ ಅಡ್ಮಿನ್ ಅನುಮತಿ ಬೇಕು. ಡಿಟಿಪಿ ಅಂಗಡಿಯವನು ಅಡ್ಮಿನ್ ಪಾಸ್‌ವರ್ಡ್ ಕೊಡುತ್ತಾನಾ? ಅದು ಅವನಿಗೇ ನೆನಪಿರೋದಿಲ್ಲ. ಅಲ್ಲದೆ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಬೇರೆ ಬಗೆಯಲ್ಲಿ ಫಾರ್ಮ್ಯಾಟ್ ಆಗಿರುವುದರಿಂದ ಅಲ್ಲಿ ಆ ಪಟ್ಟಿಯೇ ಇರೋದಿಲ್ಲ, ಮತ್ತೆ ಫೋಲ್ಡರ್ ಫೋಲ್ಡರ್ ತಿರುಗಬೇಕು.

ಇಷ್ಟೆಲ್ಲ ದಾಟಿದ ತಂತ್ರಾಂಶವೇ ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಎಲ್ಲಾ ಕಡೆ ಓಡುತ್ತದೆ, ಯಾರ ಹಂಗೂ ಇಲ್ಲ. ಅದಕ್ಕೆ ಕನ್ನಡದ ಕಡತ ಕೊಟ್ಟರೆ ಮತ್ತೆ ಸೊನ್ನೆಯೇ. ಇಲ್ಲಿಂದ ಕಥೆ ನಮ್ಮದಾಗುತ್ತದೆ.

1980ರ ದಶಕದಲ್ಲಿ ಭಾರತೀಯ ಭಾಷೆಗಳಿಗಾಗಿ 'ಇಸ್ಕಿ' ಅನ್ನೋ ಸಂಕೇತ ಪದ್ಧತಿ ಬಂತು. 1991ರಲ್ಲಿ ಅದು ಭಾರತೀಯ ಮಾನಕ ಆಯಿತು. ಅದರಲ್ಲಿ 'ಕ' ಅಂದ್ರೆ ಕ, ಅದಕ್ಕೆ ಒಂದು ಸಂಖ್ಯೆ. ಕಂಪ್ಯೂಟರಿಗೆ ಅಕ್ಷರ ಅಕ್ಷರವಾಗಿಯೇ ಗೊತ್ತಿತ್ತು. ಆದರೆ ಶುರುವಿನಲ್ಲಿ ಅದನ್ನು ಪರದೆ ಮೇಲೆ ತೋರಿಸೋಕೆ ಜಿಸ್ಟ್ ಕಾರ್ಡ್ ಅನ್ನೋ ಬೇರೆ ಯಂತ್ರಾಂಶ ಹಾಕಿಸಬೇಕಿತ್ತು. ಕಾರ್ಡ್ ಇಲ್ಲದ ಕಡೆ ಕನ್ನಡ ಇಲ್ಲ.

ಆಮೇಲೆ ವಿಂಡೋಸ್ ಬಂತು, ಪೇಜ್‌ಮೇಕರ್ ಬಂತು, ಲಗ್ನಪತ್ರಿಕೆ-ಕರಪತ್ರದ ಅಂಗಡಿಗಳು ಬಂದವು. ಅವುಗಳಿಗೆ ಕನ್ನಡ ಗೊತ್ತಿಲ್ಲ. ಹಾಗಾಗಿ ಒಂದು ಜಾಣತನ ಮಾಡಿದರು. ಕಂಪ್ಯೂಟರಿಗೆ 'ಇದು ಇಂಗ್ಲಿಷೇ' ಅಂತ ಹೇಳಿ, ಇಂಗ್ಲಿಷ್ ಅಕ್ಷರದ ಚಿತ್ರದ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಇಟ್ಟರು. ತಲಕಟ್ಟು ಒಂದು ತುಂಡು, ಒತ್ತು ಒಂದು ತುಂಡು, ಕೊಂಬು ಒಂದು ತುಂಡು. ತುಂಡು ಜೋಡಿಸಿದರೆ ಕಣ್ಣಿಗೆ ಕನ್ನಡ. ಕಂಪ್ಯೂಟರಿಗೆ ಮಾತ್ರ ಅದು ಅರ್ಥವಿಲ್ಲದ ಇಂಗ್ಲಿಷ್. ಒಂದೊಂದು ಕಂಪನಿಯ ತುಂಡುಗಳ ಲೆಕ್ಕ ಒಂದೊಂದು ಥರ ಇತ್ತು.

ಇದನ್ನು ಬೈಯೋದು ಸುಲಭ, ನಾನು ಬೈಯೋದಿಲ್ಲ. ಆ ಕಾಲದಲ್ಲಿ ಕನ್ನಡ ಕಾಗದದ ಮೇಲೆ ಬರಬೇಕು ಅನ್ನೋದೇ ಗುರಿ, ಅದು ಈಡೇರಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಊರೂರಿನ ಜನ ಕನ್ನಡ ಟೈಪ್ ಮಾಡೋಕೆ ಶುರು ಮಾಡಿದರು. 2000ದ ನಂತರ ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ 'ನುಡಿ' ಕೊಟ್ಟಿತು. ಅದರ ಕೀಲಿಮಣೆಯ ಹಿಂದೆ ಕೆ.ಪಿ. ರಾವ್ ಅವರ ವಿನ್ಯಾಸ ಇದೆ. ನುಡಿ, ಬರಹ ಎರಡರ ತುಂಡುಗಳ ಲೆಕ್ಕವೂ ಹೆಚ್ಚುಕಡಿಮೆ ಒಂದೇ ಆದದ್ದರಿಂದ ಆ ಮಟ್ಟಿಗೆ ಗೊಂದಲ ಕಡಿಮೆಯಾಯಿತು. ತಾಲೂಕು ಕಚೇರಿ, ಪಂಚಾಯ್ತಿ, ಶಾಲೆ, ವಿಶ್ವವಿದ್ಯಾಲಯ, ಎಲ್ಲ ಕಡೆ ನುಡಿ ತುಂಬಿಕೊಂಡಿತು.

ಈಗ ನಮ್ಮೂರಿನ ಹೆಸರನ್ನು ಬಿಚ್ಚಿ ನೋಡೋಣ. ನುಡಿಯ ಹಳೆಯ ಅಕ್ಷರದಲ್ಲಿ 'ನ'ದ ತುಂಡು ಇರೋದು ಬ್ರಿಟಿಷ್ ಪೌಂಡಿನ ಗುರುತಿನ ಜಾಗದಲ್ಲಿ. 'ಪ'ದ ತುಂಡು ಜಪಾನಿನ ಯೆನ್ ಗುರುತಿನ ಜಾಗದಲ್ಲಿ. 'ಯ' ಅನ್ನೋ ಒಂದೇ ಅಕ್ಷರಕ್ಕೆ ನಾಲ್ಕು ತುಂಡು. ಅಂದ್ರೆ ಕಂಪ್ಯೂಟರಿನ ಕಣ್ಣಿಗೆ ನಾರಾಯಣಪುರ ಅಂದ್ರೆ ಹದಿನಾಲ್ಕು ಚೂರುಗಳ ಸಾಲು. ಪೌಂಡಿನಿಂದ ಶುರು, ನಡುವೆ ಯೆನ್. ಕಾಮರ್ಸ್ ಓದಿದ ನನಗೆ ಒಂದೇ ಬೇಸರ, ಎರಡು ದೇಶದ ರೊಕ್ಕ ಇರೋ ಊರಿನ ಹೆಸರಿನಲ್ಲಿ ರೂಪಾಯಿ ಮಾತ್ರ ಇಲ್ಲ.

ನಗಬಹುದು, ಆದರೆ ಹುಡುಕುವ ತಂತ್ರಾಂಶ ಇಲ್ಲಿ ಏನು ಮಾಡುತ್ತದೆ ನೋಡ್ರಿ. ಅದು ಕಡತ ಓದುವಾಗ ಪದಗಳನ್ನು ಬಿಡಿಸುತ್ತದೆ. ರೊಕ್ಕದ ಗುರುತು ಬಂದರೆ 'ಇದು ಪದವಲ್ಲ, ಚಿಹ್ನೆ' ಅಂತ ಅಲ್ಲೇ ಕತ್ತರಿಸಿ ಬಿಸಾಕುವುದು ಸಾಮಾನ್ಯ ಪದ್ಧತಿ. ಪೌಂಡು ಹೋಯಿತು, ಯೆನ್ ಹೋಯಿತು, ನಮ್ಮೂರಿನ 'ನ' ಹೋಯಿತು, 'ಪ' ಹೋಯಿತು. ಉಳಿದದ್ದು ಎರಡು ಮೊಂಡು ತುಂಡು. ಅಷ್ಟಕ್ಕೇ ನಿಲ್ಲೋದಿಲ್ಲ. ಇಂಗ್ಲಿಷಿನವರಿಗೆ ಅನುಕೂಲ ಆಗಲಿ ಅಂತ ಇಂಥ ತಂತ್ರಾಂಶ ದೊಡ್ಡಕ್ಷರ, ಸಣ್ಣಕ್ಷರ ಎರಡನ್ನೂ ಒಂದೇ ಮಾಡಿಕೊಳ್ಳುತ್ತದೆ. ನುಡಿಯ ಲೆಕ್ಕದಲ್ಲಿ ದೊಡ್ಡ 'ಕ್ಯೂ' ಅಂದ್ರೆ ಕಿ, ಸಣ್ಣ 'ಕ್ಯೂ' ಅಂದ್ರೆ ಡಕಾರದ ಮೈ. ದೊಡ್ಡ 'ಜಿ' ಅಂದ್ರೆ ಉ, ಸಣ್ಣ 'ಜಿ' ಅಂದ್ರೆ ರಕಾರದ ಮೈ. ಎರಡನ್ನೂ ಒಂದೇ ಮಾಡಿದರೆ ಉ ಯಾವುದು, ರ ಯಾವುದು ಸೂಚಿಗೆ ಗೊತ್ತಾಗೋದಿಲ್ಲ. ಇಂಗ್ಲಿಷಿಗೆ ಮಾಡಿದ ಉಪಕಾರ ಕನ್ನಡದ ಅಕ್ಷರಗಳನ್ನು ಕಲಸಿಬಿಟ್ಟಿತು. ಅದಕ್ಕೇ, 'ಆ ಚೂರುಗಳನ್ನೇ ಕಾಪಿ ಮಾಡಿ ಹುಡುಕಿದರಾಯ್ತು' ಅನ್ನೋ ಉಪಾಯ ವರ್ಡ್ ಒಳಗೆ ಒಂದು ಕಡತಕ್ಕೆ ನಡೆದರೂ, ಸಾವಿರ ಕಡತದ ಸೂಚಿಯಲ್ಲಿ ಕೈಕೊಡುತ್ತದೆ.

ಇದರಿಂದ ಯಾರಿಗೆ ಏನು ನಷ್ಟ ಅಂತ ಕೇಳಬಹುದು. ಪಹಣಿಯ ಮಟ್ಟಿಗೆ ಅಷ್ಟು ನಷ್ಟ ಇಲ್ಲ. 2000ದ ಆಸುಪಾಸಿನಲ್ಲಿ ಬಂದ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದು ಡೇಟಾಬೇಸ್, ಸರ್ವೆ ನಂಬರ್ ಕೊಟ್ಟರೆ ಸಿಗುತ್ತದೆ. ನಷ್ಟ ಇರೋದು ಡೇಟಾಬೇಸ್ ಆಗದ ಉಳಿದ ಎಲ್ಲದರಲ್ಲಿ: ನೋಟಿಸು, ಠರಾವು, ಸಭೆಯ ನಡವಳಿ, ಪರಿಹಾರದ ಪಟ್ಟಿ, ಹಕ್ಕುಪತ್ರದ ಪಟ್ಟಿ. ಅಣೆಕಟ್ಟು, ಕಾಲುವೆ, ಹಿನ್ನೀರು ಇರೋ ಸೀಮೆಯಲ್ಲಿ ಇವೇ ಕಾಗದಗಳ ಮೇಲೆ ಮನೆತನಗಳು ನಿಂತಿರುತ್ತವೆ. ಅಜ್ಜನ ಹೆಸರು ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅಂತ ಮೊಮ್ಮಗ ಹುಡುಕುತ್ತಾನೆ. ಕಂಪ್ಯೂಟರ್ 'ಯಾವ ಫಲಿತಾಂಶವೂ ಇಲ್ಲ' ಅನ್ನುತ್ತದೆ. 'ನನಗೆ ಈ ಕಡತ ಓದೋಕೆ ಬರೋದಿಲ್ಲ' ಅಂತ ಅದು ಹೇಳೋದಿಲ್ಲ. ಮೊಮ್ಮಗ ಹೆಸರೇ ಇಲ್ಲ ಅಂದುಕೊಂಡು ಎದ್ದು ಹೋಗುತ್ತಾನೆ. ನನ್ನ ತಕರಾರು ಇರೋದು ಇಲ್ಲಿ. ಓದೋಕೆ ಬಾರದವನು ಓದಿದಂತೆ ನಟಿಸಿ 'ಇಲ್ಲ' ಅಂದರೆ, ಹುಡುಕದೇ ಇದ್ದದ್ದಕ್ಕಿಂತ ಅದು ಕೆಟ್ಟದ್ದು.

ನಮ್ಮ ಭಾಗಕ್ಕೆ ಇಂಥದ್ದು ಎರಡನೇ ಸಲ. ನಿಜಾಮರ ಕಾಲದ ಕಂದಾಯ ಕಾಗದ ಉರ್ದುವಿನಲ್ಲಿವೆ. 1948ರ ನಂತರದ ತಲೆಮಾರುಗಳಲ್ಲಿ ಅವನ್ನು ಓದುವವರು ಕಡಿಮೆಯಾಗುತ್ತ ಹೋದರು, ಓದಿ ಹೇಳುವ ಹಿರಿಯರನ್ನು ಹುಡುಕಿಕೊಂಡು ಹೋಗಬೇಕಾಯಿತು. ಅಲ್ಲಿ ಲಿಪಿ ಬದಲಾಗಿತ್ತು, ಅದು ಕಣ್ಣಿಗೆ ಕಾಣುತ್ತಿತ್ತು. ಇಲ್ಲಿ ಲಿಪಿ ಅದೇ ಇದೆ, ಒಳಗಿನ ಲೆಕ್ಕ ಬೇರೆ. ಹಾಗಾಗಿ ಕಳೆದುಹೋಗಿದೆ ಅನ್ನೋದೇ ಗೊತ್ತಾಗೋದಿಲ್ಲ.

ಪರಿಹಾರ ಇರಲಿಲ್ಲವೇ? ಇತ್ತು. ಯುನಿಕೋಡ್ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗ ಇತ್ತು. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಅನ್ನೋ ಕನ್ನಡ ಫಾಂಟ್ ಜೊತೆಗೇ ಬಂತು. ಯುನಿಕೋಡ್‌ನಲ್ಲಿ ನಾರಾಯಣಪುರ ಅಂದ್ರೆ ಒಂಬತ್ತೇ ಸಂಕೇತ, ಒಂದೊಂದೂ ಕನ್ನಡದ್ದೇ. ಫಾಂಟ್ ಬದಲಾದರೂ, ಫೋನ್ ಬದಲಾದರೂ ಅಕ್ಷರ ಅದೇ. ಆದರೆ ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದೂ 2001ರಲ್ಲೇ, ಅದಕ್ಕೆ ಯುನಿಕೋಡ್ ಕನ್ನಡ ಬರೋದಿಲ್ಲ, ಅದನ್ನು ಬಿಡೋಕೆ ಅಂಗಡಿಗಳು ತಯಾರಿಲ್ಲ. ಕೈ ಪಳಗಿದೆ, ಗಿರಾಕಿ ಕಾಯುತ್ತಿದ್ದಾನೆ, ಲಗ್ನಪತ್ರಿಕೆಯಲ್ಲಿ ಯಾರೂ ಪದ ಹುಡುಕೋದಿಲ್ಲ. ಅವರ ಲೆಕ್ಕ ಅವರಿಗೆ ಸರಿಯೇ. ಸರ್ಕಾರ ಯುನಿಕೋಡ್ ಅನ್ನು ಒಪ್ಪಿಕೊಂಡದ್ದು 2010ರ ದಶಕದಲ್ಲಿ. ಅಷ್ಟರಲ್ಲಿ ಒಂದು ದಶಕದ ಕಡತ ಪೌಂಡು-ಯೆನ್ನಿನಲ್ಲಿ ಕೂತಿತ್ತು.

ಅದನ್ನು ಬಿಡಿಸಿ ತೆಗೆಯಬಹುದು ಅಂತ ತೋರಿಸಿದ ಒಂದು ಕೆಲಸ ನಮ್ಮ ಸೀಮೆಗೂ ತಾಗುತ್ತದೆ. ಕನ್ನಡದ ಸ್ವಯಂಸೇವಕ ತಂತ್ರಜ್ಞರ 'ಸಂಚಯ' ಬಳಗ 'ವಚನ ಸಂಚಯ' ಅನ್ನೋ ತಾಣ ಕಟ್ಟಿತು. ಹಳೆಯ ಅಕ್ಷರದಲ್ಲಿದ್ದ ವಚನಗಳನ್ನು ಯುನಿಕೋಡಿಗೆ ತಂದು, ಪದ ಪದಕ್ಕೂ ಸೂಚಿ ಮಾಡಿದರು. 20 ಸಾವಿರಕ್ಕೂ ಹೆಚ್ಚು ವಚನಗಳು. ಜೇಡರ ದಾಸಿಮಯ್ಯ ನಮ್ಮ ಸುರಪುರ ಸೀಮೆಯ ಮುದನೂರಿನವನು, 'ರಾಮನಾಥ' ಅವನ ಅಂಕಿತ. ಆ ಪದ ಹಾಕಿದರೆ ಈಗ ವಚನಗಳು ಸಾಲಾಗಿ ಬರುತ್ತವೆ. ಒಂದು ಪದವನ್ನು ಯಾವ ಯಾವ ವಚನಕಾರರು ಎಷ್ಟು ಸಲ ಬಳಸಿದ್ದಾರೆ ಅಂತ ನೋಡಬಹುದು. ವಿದ್ವಾಂಸರು ಪದಸೂಚಿ ಅಂತ ವರ್ಷಗಟ್ಟಲೆ ಕೈಯಲ್ಲಿ ಮಾಡುತ್ತಿದ್ದ ಕೆಲಸ ಅದು.

ವಚನಕ್ಕೆ ಆದದ್ದು ಪರಿಹಾರದ ಪಟ್ಟಿಗೂ ಆಗಬಹುದು. ಪೆನ್‌ಡ್ರೈವ್‌ನ ಹುಡುಕುವ ತಂತ್ರಾಂಶದ ಒಳಗೇ ಈ ಪರಿವರ್ತಕ ಇರಬೇಕು. ಕಡತ ಓದುವಾಗ ಫಾಂಟಿನ ಹೆಸರು ನೋಡಬೇಕು, ನುಡಿಯದೋ ಬರಹದ್ದೋ ಆದರೆ ಯುನಿಕೋಡ್ ಮಾಡಿಕೊಂಡು ಸೂಚಿಗೆ ಹಾಕಬೇಕು. ಮೂಲ ಕಡತ ಮುಟ್ಟಬಾರದು. ಓದೋಕೆ ಆಗದ ಕಡತಗಳ ಪಟ್ಟಿಯನ್ನು ಬೇರೆ ತೋರಿಸಬೇಕು. ಈ ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ: 'ಸಿಕ್ಕಿದ್ದು 0, ಓದಲಾಗದ್ದು 43' ಅಂತ ಬಂದರೆ ಮೊಮ್ಮಗ ಎದ್ದು ಹೋಗೋದಿಲ್ಲ, ಆ 43ನ್ನು ತೆರೆದು ನೋಡುತ್ತಾನೆ.

ಯುನಿಕೋಡ್ ಆದಮೇಲೂ ಕೆಲಸ ಮುಗಿಯೋದಿಲ್ಲ ಅನ್ನಿ. 'ರಾಜ್‌ಕುಮಾರ್' ಅಂತ ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಕೊಳ್ಳುತ್ತದೆ, ಜ್ ಮತ್ತು ಕ ಒತ್ತಾಗಿ ಅಂಟಬಾರದು ಅಂತ. ಹುಡುಕುವವನು ಅದನ್ನು ಹಾಕದಿದ್ದರೆ ಸಿಗೋದಿಲ್ಲ, ಹಾಗಾಗಿ ಸೂಚಿ ಮಾಡುವಾಗ ಅದನ್ನು ತೆಗೆದುಬಿಡಬೇಕು. ನಮ್ಮ ಕಡೆ ಇನ್ನೊಂದು ಇದೆ. ನಾರಾಯಣಪುರ ಅಂತಲೂ ಬರೀತೀವಿ, ನಾರಾಯಣಪೂರ ಅಂತಲೂ ಬರೀತೀವಿ. ಸುರಪುರ, ಸುರಪೂರ, ಶೋರಾಪುರ. ಶಹಾಪುರ, ಶಹಾಪೂರ. ಪುರ-ಪೂರ ಎರಡನ್ನೂ ಒಂದೇ ಅಂತ ಹಿಡಿಯುವ ಹುಡುಕಾಟ ಬೆಂಗಳೂರಿನಲ್ಲಿ ಕೂತು ತಂತ್ರಾಂಶ ಬರೆಯುವವರಿಗೆ ಹೊಳೆಯೋದು ಕಷ್ಟ, ಯಾದಗಿರಿಯ ಹುಡುಗ-ಹುಡುಗಿಯರಿಗೆ ತಟ್ಟನೆ ಹೊಳೆಯುತ್ತದೆ. ಕೋಡಿಂಗ್ ಕಲಿಯುತ್ತಿರುವವರು ಯಾರಾದರೂ ಕೇಳುತ್ತಿದ್ದರೆ, ಕಾಲೇಜಿನ ಪ್ರಾಜೆಕ್ಟಿಗೆ ಇದನ್ನೇ ತಗೊಳ್ರಿ.

ಫೋನಿನಲ್ಲೇ ಎಲ್ಲಾ ಇದೆಯಲ್ಲ, ಪೆನ್‌ಡ್ರೈವ್ ಯಾಕೆ ಅಂತೀರಾ? ಫೋನಿನ ಸ್ಥಿತಿ ಇನ್ನೂ ಬಿಗಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಷ್ಟೋ ಕಾಗದಗಳ ಹೆಸರು ತಾರೀಖು ಮತ್ತು ನಂಬರು, ಅಷ್ಟೇ. ಆಂಡ್ರಾಯ್ಡ್ 10ರ ನಂತರ ಒಂದು ಆ್ಯಪ್ ಇಡೀ ಫೋನಿನ ಕಡತಗಳನ್ನು ಸುಮ್ಮನೆ ಓದುವ ಹಾಗಿಲ್ಲ. ಖಾಸಗಿತನಕ್ಕೆ ಅದು ಒಳ್ಳೆಯದೇ, ಹುಡುಕಾಟಕ್ಕೆ ಕಷ್ಟ.

ಸದ್ಯಕ್ಕೆ ಇಷ್ಟು ಮಾಡ್ರಿ. ಮನೆಯ ಮುಖ್ಯ ಕಾಗದಗಳ ಕಡತದ ಹೆಸರನ್ನು ಬದಲಿಸಿ, ಅಜ್ಜನ ಹೆಸರು, ಊರು, ಸರ್ವೆ ನಂಬರು, ವರ್ಷ ಹಾಕಿ, ಯುನಿಕೋಡ್ ಕನ್ನಡದಲ್ಲೇ. ಒಳಗಿನ ಮಾತು ಓದೋಕೆ ಬರದಿದ್ದರೂ ಹೆಸರು ಯಾವ ಯಂತ್ರಕ್ಕೂ ಸಿಗುತ್ತದೆ. ಹಳೆಯ ನುಡಿ ಕಡತ ಇದ್ದರೆ ಮೂಲವನ್ನು ಹಾಗೇ ಇಟ್ಟು, ಪರಿವರ್ತಕದಲ್ಲಿ ಹಾಕಿ ಇನ್ನೊಂದು ಪ್ರತಿ ಮಾಡಿಕೊಳ್ರಿ. ಒತ್ತಕ್ಷರ, ಅರ್ಕಾವೊತ್ತು ಎಡವಟ್ಟಾಗಿವೆಯಾ ಅಂತ ಒಮ್ಮೆ ಕಣ್ಣಾಡಿಸ್ರಿ, ಹೆಸರುಗಳಲ್ಲಿ ಅವೇ ಹೆಚ್ಚು ಇರುತ್ತವೆ. ಜಿಲ್ಲೆಯ ಜಾಗದಲ್ಲಿ ಗುಲ್ಬರ್ಗ, ಯಾದಗಿರಿ ಎರಡನ್ನೂ ಬರೆದಿಡ್ರಿ.